ಕೂಲೆಂಟ್ ಕಾಯುವ ಕೆಲಸ

ಕಾರು ಓಡಿಸಲು ಬರುವವರು ಕಾರಿನ ಬಗ್ಗೆ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಆ ಚಿಂತೆಯೆಲ್ಲ ಓಡಿಸಲು ಬಾರದವರ ಪಾಲಿನದು. ನಾನು ಈ ಎರಡನೆಯ ಜಾತಿಗೆ ಸೇರಿದವನು. ಶಿವಮೊಗ್ಗದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಸಂಸ್ಕೃತ ಪಾಠ ಹೇಳಿ ನಿವೃತ್ತನಾಗಿದ್ದೇನೆ. ಸ್ಟೀರಿಂಗ್ ಹಿಡಿದದ್ದು ಒಂದೇ ಸಲ. ಅವತ್ತು ರಾಗಿಗುಡ್ಡದ ನಮ್ಮ ಮನೆಯ ಗೇಟಿಗೆ ಬಿದ್ದ ಪೆಟ್ಟು ಇನ್ನೂ ಹಾಗೇ ಇದೆ. ನಮ್ಮಲ್ಲಿ ಕಾರು ಓಡಿಸುವವಳು ನನ್ನ ಹೆಂಡತಿ ವಸುಧಾ. ಮೊಣಕಾಲು ನೋವಿಟ್ಟುಕೊಂಡು ಬಸ್ಸಿನಲ್ಲಿ ನಿಂತು ಓಡಾಡಿ ಸಾಕಾಗಿ, ಐವತ್ತೆರಡನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತಳು. ಅಂದಿನಿಂದ ಭದ್ರಾವತಿಯಲ್ಲಿರುವ ತನ್ನ ಶಾಲೆಗೆ ತಾನೇ ಓಡಿಸಿಕೊಂಡು ಹೋಗುತ್ತಾಳೆ. ಲಾರಿಯವನು ಹಾರ್ನ್ ಹೊಡೆದರೆ ಎಂಟನೇ ಕ್ಲಾಸಿನ ತಂಟೆಕೋರನನ್ನು ನೋಡಿದ ಹಾಗೆ ಕನ್ನಡಿಯಲ್ಲಿ ಒಮ್ಮೆ ನೋಡುತ್ತಾಳೆ, ಅಷ್ಟೇ. ಪಕ್ಕದಲ್ಲಿ ಕೂತ ನನಗೆ ಹೆಮ್ಮೆಯಾಗುತ್ತದೆ. ಆದರೂ ನನ್ನ ಬಲಗಾಲು ಅಲ್ಲಿ ಇಲ್ಲದ ಬ್ರೇಕನ್ನು ಒತ್ತುವುದನ್ನು ಇನ್ನೂ ಬಿಟ್ಟಿಲ್ಲ.

ಓಡಿಸಲು ಬಾರದ ಗಂಡನಿಗೂ ಕಾರಿನಲ್ಲಿ ಏನಾದರೂ ಅಧಿಕಾರ ಬೇಕಲ್ಲ! ನಾನು ಬಾನೆಟ್ಟನ್ನು ಆರಿಸಿಕೊಂಡೆ. ಒಂದು ಸಂಜೆ ಅವಳು ಶಾಲೆಯಿಂದ ಬಂದ ಕೂಡಲೇ ಎತ್ತಿ ನೋಡಿದೆ. ಇಂಜಿನ್ನನ್ನು ತಂಪಾಗಿಡುವ ಕೂಲೆಂಟ್ ಡಬ್ಬಿಯಲ್ಲಿ ಹಸಿರು ನೀರು ಮೇಲಿನ ಗೆರೆಯ ಹತ್ತಿರ ನಿಂತಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ಒಂದು ಬೆರಳು ಕೆಳಗಿತ್ತು. ನನ್ನ ಎದೆಯೂ ಅಷ್ಟೇ ಕೆಳಗಿಳಿಯಿತು. ಅಂದಿನಿಂದ ದಿನವೂ ಸಂಧ್ಯಾವಂದನೆ ಮುಗಿಸಿ ಕೂಲೆಂಟ್ ದರ್ಶನಕ್ಕೆ ಹೋಗುವುದು ನಿಯಮವಾಯಿತು. ನಾಲ್ಕು ದಿನಕ್ಕೊಮ್ಮೆ ಅದು ಕಣ್ಣಿಗೆ ಕಾಣುವಷ್ಟು ಇಳಿಯತೊಡಗಿತು, ನಾನು ತುಂಬಿಸತೊಡಗಿದೆ. ಯಾರೋ ತಿಳಿದವರು ಹೇಳಿದರು: "ಕೆಳಗೆ ತೊಟ್ಟಿಕ್ಕಿದ್ರೆ ಪೈಪು. ತೊಟ್ಟಿಕ್ಕದಿದ್ರೆ ಇಂಜಿನ್ನೇ ಕುಡೀತಿದೆ ಅಂತ ಅರ್ಥ. ಆಮೇಲೆ ಕಥೆ ಮುಗೀತು." ಕಾರಿನ ಕೆಳಗೆ ಒಂದು ವಾರದ ಪೇಪರು ಹಾಸಿದೆ. ಒಂದು ಹನಿಯೂ ಬೀಳಲಿಲ್ಲ. ಜೀವಮಾನವಿಡೀ ಸಂಸ್ಕೃತದ ತರ್ಕಶಾಸ್ತ್ರ ಪಾಠ ಮಾಡಿದವನಿಗೆ ತೀರ್ಮಾನಕ್ಕೆ ಬರಲು ಎಷ್ಟು ಹೊತ್ತು ಬೇಕು? ಇಂಜಿನ್ ಕುಡಿಯುತ್ತಿದೆ, ಒಂದು ದಿನ ನಡುರಸ್ತೆಯಲ್ಲಿ ನಿಲ್ಲುತ್ತದೆ, ಲಾರಿಗಳ ನಡುವೆ ವಸುಧಾ ಒಬ್ಬಳೇ ಇರುತ್ತಾಳೆ. ರಾತ್ರಿ ಊಟ ಸೇರದಾಯಿತು. ಕಾರು ಮಾರಿಬಿಡೋಣವೆಂದು ಸೋಗಾನೆಯ ಒಬ್ಬರಿಗೆ ಭಾನುವಾರ ಬಂದು ನೋಡಲು ಹೇಳಿಯೂ ಬಿಟ್ಟೆ.

ವಸುಧಾ ಜಗಳವಾಡಲಿಲ್ಲ. ಆಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. "ಮಾರಿ. ನಾನು ಮತ್ತೆ ಬಸ್ ಸ್ಟ್ಯಾಂಡಲ್ಲಿ ನಿಲ್ತೀನಿ" ಎಂದಳು. ಕಾರಿನ ಕೀಲಿಗೊಂಚಲು ಎತ್ತಿಕೊಂಡು, "ಅದಕ್ಕೆ ಮುಂಚೆ ಓಲ್ಡ್ ಟೌನಿನ ಮೆಕ್ಯಾನಿಕ್ ಸೆಲ್ವಣ್ಣಂಗೆ ಒಂದ್ಸಲ ತೋರ್ಸೋಣ. ಅವ್ರು ಆಗಲ್ಲ ಅಂದ್ರೆ ನಾನು ಮಾತಾಡಲ್ಲ" ಎಂದಳು. ಅದನ್ನು ಬಿಗಿಯಾಗಿ ಹಿಡಿದುಕೊಂಡಿದ್ದ ಅವಳ ಕೈ ನೋಡಿ ನನಗೆ ಬೇಜಾರಾಯಿತು.

ಶನಿವಾರ ಶಾಲೆ ಬಿಟ್ಟ ಮೇಲೆ ಹೋದೆವು. ಸೆಲ್ವಣ್ಣ ಭದ್ರಾವತಿಯ ಕಾರ್ಖಾನೆ ಕೆಲಸಕ್ಕೆಂದು ಬಂದ ತಮಿಳು ಕುಟುಂಬದವರು. ಅಲ್ಲೇ ಹುಟ್ಟಿ ಅಲ್ಲೇ ಮೆಕ್ಯಾನಿಕ್ ಆದವರು. ಅವರ ಗ್ಯಾರೇಜಿಗೆ ಒಂದು ಕಟ್ಟುನಿಟ್ಟಿನ ಪದ್ಧತಿಯಿದೆ. ಬಿಸಿ ಇಂಜಿನ್ನನ್ನು ಅವರು ಮುಟ್ಟುವುದಿಲ್ಲ. ಬಾನೆಟ್ ಎತ್ತಿಟ್ಟು, ಗಾಡಿಯವರನ್ನು ಬೆಂಚಿನ ಮೇಲೆ ಕೂರಿಸಿ, ಟೀ ತರಿಸಿ, ಕಥೆ ಕೇಳುತ್ತಾರೆ. ಇಂಜಿನ್ ತಣ್ಣಗಾಗುವಷ್ಟರಲ್ಲಿ ಗಾಡಿಯವರೂ ತಣ್ಣಗಾಗಿರುತ್ತಾರೆ.

"ಇಂಜಿನ್ ಕುಡೀತಿದೆ ಅಂತ ನನ್ನ ಅನುಮಾನ" ಎಂದು ಶುರುಮಾಡಿದೆ.

"ಅನುಮಾನ ಬೇಡ ಮೇಷ್ಟ್ರೇ. ಕಣ್ಣಲ್ಲಿ ಕಂಡಿದ್ದು ಮಾತ್ರ ಹೇಳಿ."

ಅನುಮಾನದ ಮೇಲೆಯೇ ನಿಂತ ನನ್ನ ಇಡೀ ತರ್ಕಶಾಸ್ತ್ರವನ್ನು ಒಂದೇ ವಾಕ್ಯದಲ್ಲಿ ಬೆಂಚಿನಿಂದ ಕೆಳಗಿಳಿಸಿದರು. ಕಂಡದ್ದನ್ನಷ್ಟೇ ಹೇಳಹೊರಟರೆ ನನ್ನ ಹತ್ತಿರ ಎರಡು ನಿಮಿಷದ ಮಾತೂ ಇರಲಿಲ್ಲ. ಟೀ ಮುಗಿದ ಎಷ್ಟೋ ಹೊತ್ತಿನ ಮೇಲೆ ಅವರು ಎದ್ದು ಪೈಪುಗಳನ್ನು ಒಂದೊಂದಾಗಿ ಬೆರಳಿನಿಂದ ಸವರಿದರು, ಆಯಿಲ್ ಕಡ್ಡಿ ಎಳೆದು ನೋಡಿದರು. ಅವಸರವೆಂಬುದೇ ಇಲ್ಲ. ಕೊನೆಗೆ, "ದಿನಾ ಬೆಳಿಗ್ಗೆ ನೀವು ಹೆಂಗೆ ನೋಡ್ತೀರೋ ಹಂಗೇ ಮಾಡಿ ತೋರ್ಸಿ" ಎಂದರು.

ನಾನು ಉತ್ಸಾಹದಿಂದ ತೋರಿಸಿದೆ. ಜೇಬಿನಿಂದ ಹಳೇ ಪಂಚೆಯ ಚೂರು ತೆಗೆದೆ. ಮುಚ್ಚಳ ತಿರುಗಿಸಿ ತೆಗೆದು, ಅದರ ಒಳಗನ್ನೂ ಡಬ್ಬಿಯ ಬಾಯನ್ನೂ ಮಡಿಯಿಂದ ಒರೆಸಿದೆ. ಟಾರ್ಚ್ ಬಿಟ್ಟು ಇಣುಕಿದೆ. ಗೆರೆ ಹೊರಗಿನಿಂದಲೇ ಕಾಣುತ್ತದೆ, ನಿಜ. ಇಣುಕದೆ ನನಗೆ ತೃಪ್ತಿಯಿಲ್ಲ. ಪ್ಲಾಸ್ಟಿಕ್ ಅಲ್ಲವೇ, ಮುರಿದೀತೆಂದು ಮುಚ್ಚಳವನ್ನು ಮೆಲ್ಲಗೆ, ಅರ್ಧ ಸುತ್ತು ಮಾತ್ರ ಮುಚ್ಚಿದೆ.

ಸೆಲ್ವಣ್ಣ ಆ ಮುಚ್ಚಳವನ್ನು ಮತ್ತೆ ತೆಗೆದು, ಒಳಗಿನ ರಬ್ಬರ್ ಬಳೆಯ ಸಂದಿಗೆ ಚಿಮುಟ ಹಾಕಿ ಏನನ್ನೋ ಎಳೆದರು. ಒಂದು ಕೆಂಪು ದಾರ ಬಂತು, ಅದರ ಹಿಂದೆ ಇನ್ನೊಂದು. ನನ್ನ ಪಂಚೆಯ ಅಂಚು! ಅದನ್ನು ಗುರುತಿಸಲು ಯಾವ ಶಾಸ್ತ್ರವೂ ಬೇಕಾಗಲಿಲ್ಲ.

"ಬಿಸಿಯಾದಾಗ ಕೂಲೆಂಟ್ ಏರುತ್ತೆ, ತಣ್ಣಗಾದಾಗ ಇಳಿಯುತ್ತೆ. ಮೊದಲ್ನೇ ದಿನ ನೀವು ಹೆದ್ರಿದ್ದು ಅದಕ್ಕೆ. ಆಮೇಲಿಂದ ಇಳಿದಿದ್ದು ನಿಜ. ಮುಚ್ಚಳದ ಸಂದಿಯಿಂದ ಆವಿಯಾಗಿ ಹೋಗಿದೆ, ಪೇಪರ್ ಮೇಲೆ ಎಲ್ಲಿಂದ ಬೀಳುತ್ತೆ?" ಎಂದರು. ಹೊಸ ಮುಚ್ಚಳ ಹಾಕಿ, ಕೊನೆಯವರೆಗೆ ತಿರುಗಿಸಿ, ಅರ್ಧ ಗಂಟೆ ಇಂಜಿನ್ ಓಡಿಸಿ ನೋಡಿದರು. ಸುತ್ತ ಒಂದು ಎಳೆ ಆವಿಯೂ ಇಲ್ಲ. "ಟೀಚರಮ್ಮ, ಇಂಜಿನ್ ಚಿನ್ನದಂಗಿದೆ. ಇನ್ನೂ ಎಷ್ಟೋ ವರ್ಷ ಓಡ್ಸಿ."

ನಗಲಿಲ್ಲ ಆ ಮಹಾನುಭಾವ. ನನ್ನಿಂದಲೇ ತಪ್ಪನ್ನು ಮಾಡಿಸಿ ತೋರಿಸಿದರೂ ಒಂದು ಕುಟುಕು ಮಾತಾಡಲಿಲ್ಲ. ಮೂವತ್ತು ವರ್ಷದಲ್ಲಿ ಹೀಗೆ ಒಬ್ಬ ವಿದ್ಯಾರ್ಥಿಗಾದರೂ ನಾನು ಪಾಠ ಹೇಳಿದ್ದೇನೆಯೇ ಎಂದು ಯೋಚಿಸಿದೆ. ಕೈಮುಗಿದೆ, ನಿಜವಾಗಿಯೂ ಮುಗಿದೆ.

ಹಿಂತಿರುಗುವಾಗ ಬೈಗುಳಕ್ಕೆ ಸಿದ್ಧನಾಗಿ ಕೂತಿದ್ದೆ. ವಸುಧಾ ಒಂದು ಟ್ಯಾಂಕರನ್ನು ಸಲೀಸಾಗಿ ದಾಟಿ, "ನನಗೆ ಏನೂ ಆಗ್ಬಾರ್ದು ಅಂತ ತಾನೆ ಮಾರಾಯ್ರೇ ದಿನಾ ಎದ್ದು ನೋಡಿದ್ದು?" ಎಂದಳು. ಇಲ್ಲದ ಬ್ರೇಕಿನ ಮೇಲಿಂದ ನನ್ನ ಬಲಗಾಲನ್ನು ಹಿಂದಕ್ಕೆ ತೆಗೆದೆ.

ಈ ಗಡಿಬಿಡಿಯಲ್ಲಿ ಸೋಗಾನೆಯವರಿಗೆ ಬರಬೇಡಿ ಎಂದು ತಿಳಿಸಲು ಮರೆತಿದ್ದೆ. ಅವರು ಭಾನುವಾರ ಹತ್ತಕ್ಕೆ ಸರಿಯಾಗಿ ಬಂದು, ಕಾರಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿ, "ಇಷ್ಟು ಚೆನ್ನಾಗಿದೆ, ಯಾಕೆ ಮೇಡಮ್ ಕೊಡ್ತೀರಾ? ಎಲ್ಲಾದ್ರೂ ಲೀಕೇಜು?" ಎಂದು ಕೇಳಿದರು.

"ಕಾರು ಕೊಡಲ್ಲ, ಕ್ಷಮಿಸಿ. ಲೀಕೇಜಿಗೆ ಕಾರಣ ಇಲ್ಲಿ ಕೂತಿದೆ. ಬೇಕಾದ್ರೆ ಕರ್ಕೊಂಡು ಹೋಗಿ" ಎಂದು ವಸುಧಾ ಕಾಫಿ ಲೋಟದ ಜೊತೆಗೆ ನನ್ನನ್ನೂ ಅವರ ಮುಂದಿಟ್ಟಳು.

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಸಾವಕಾಶವಾಗಿ ನೋಡಿದರು. ಕಾಫಿ ಮುಗಿಸಿದರು. "ಬೇಡ ಮೇಡಮ್, ಮಾಡೆಲ್ ಹಳೇದಾಯ್ತು" ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.