ಕೇಳದೇ ಬಂದ ಪೊಟ್ಟಣ

ಪತ್ರಿಕೆಯಲ್ಲಿ ಬಹಳ ವರ್ಷ ಕೆಲಸ ಮಾಡಿದವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಯಾವುದನ್ನೂ ಸುಮ್ಮನೆ ‘ಚೆನ್ನಾಗಿದೆ’ ಎನ್ನಲು ಬರುವುದಿಲ್ಲ. ಮದುವೆಯೂಟ ಮುಗಿಸಿ ಕೈ ತೊಳೆಯುವಾಗ ಬೀಗರು ಬಂದು ‘ಹೋಳಿಗಿ ಹೆಂಗಿದ್ವರಿ?’ ಎಂದು ಕೇಳಿದರೆ, ‘ಚೆನ್ನಾಗಿದ್ದವು ಎಂದು ಪಂಕ್ತಿಯಲ್ಲಿದ್ದವರು ತಿಳಿಸಿದ್ದಾರೆ’ ಎಂಬ ಉತ್ತರವೇ ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ನಾನು ಶಿಗ್ಗಾಂವಿಯಲ್ಲಿದ್ದು ಸುತ್ತಲಿನ ತಾಲ್ಲೂಕುಗಳ ಸುದ್ದಿ ಕಳಿಸುವ ವರದಿಗಾರ. ಹಾನಗಲ್ಲಿನ ಸಭೆ, ಸವಣೂರಿನ ರಸ್ತೆ, ಹಿರೇಕೆರೂರಿನ ಗೋವಿನಜೋಳದ ಧಾರಣೆ, ಎಲ್ಲವನ್ನೂ ಯಾರು ಹೇಳಿದರು, ಎಲ್ಲಿ ಹೇಳಿದರು ಎಂಬ ಆಧಾರ ಹಚ್ಚಿ ಬರೆಯುವುದು ನನ್ನ ಹೊಟ್ಟೆಪಾಡು. ಇಂಥವನನ್ನು ನನ್ನ ಹೆಂಡತಿ ಸುಮಂಗಲಾ ತನ್ನ ವ್ಯಾಪಾರದ ಪ್ರಚಾರ ವಿಭಾಗಕ್ಕೆ ನೇಮಿಸಿಕೊಂಡಳು. ಸಂದರ್ಶನ ನಡೆಯಲಿಲ್ಲ. ರಾಜೀನಾಮೆಗೂ ಅವಕಾಶವಿರಲಿಲ್ಲ.

ವ್ಯಾಪಾರವೆಂದರೆ ಕಡಕ್ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ. ಓಣಿಯವರು ಮನೆಗೇ ಬಂದು ಒಯ್ಯುತ್ತಿದ್ದರು. ಹಾಗಿರುವಾಗ ಊರಿನ ಹೆಂಗಸರಿಗೆಲ್ಲ ಆನ್‌ಲೈನ್ ಮಾರಾಟದ ತರಬೇತಿ ನಡೆಯಿತು. ಅದನ್ನು ವರದಿ ಮಾಡಲು ನಾನು ಹೋದೆ. ಕಲಿಯಲು ಅವಳು ಹೋದಳು. ನನ್ನ ವರದಿ ಮರುದಿನ ಒಳಪುಟದ ಮೂಲೆಯಲ್ಲಿ ಬಂದು ಮುಗಿಯಿತು. ಅವಳದು ಮುಗಿಯಲಿಲ್ಲ. ಒಂದು ಆನ್‌ಲೈನ್ ಮಾರುಕಟ್ಟೆಯಲ್ಲಿ ತನ್ನ ಮಳಿಗೆ ತೆರೆದಳು, ಮೊರದಲ್ಲಿ ರೊಟ್ಟಿ ಜೋಡಿಸಿ ಫೋಟೊ ತೆಗೆದಳು, ವಿವರಣೆ ಬರೆಯಲು ನನಗೆ ಹೇಳಿದಳು. ನಾನು ಬರೆದದ್ದು ಹೀಗೆ: ‘ಇದು ಜೋಳದ ರೊಟ್ಟಿ. ರುಚಿಯಾಗಿದೆ ಎಂದು ನೆರೆಯವರು ಅಭಿಪ್ರಾಯಪಟ್ಟಿದ್ದಾರೆ. ಸಾಗಣೆಯ ವೇಳೆ ಕೆಲವು ಮುರಿಯುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ.’

ಅವಳು ಓದಿ ಮುಖ ನೋಡಿದಳು. “ಅಪಘಾತದ ಸುದ್ದಿ ಬರದೀರೇನ್ರಿ? ಇದನ್ನ ಓದಿದವರು ರೊಟ್ಟಿ ತಗೋತಾರೋ, ಸಮಾಧಾನ ಹೇಳಾಕ ಮನಿಗೆ ಬರ್ತಾರೋ?” ಎಂದು ಕೇಳಿ, ಎಲ್ಲವನ್ನೂ ಅಳಿಸಿ, ‘ನಮ್ಮ ಮನಿ ರೊಟ್ಟಿ. ತಿಂದು ನೋಡ್ರಿ’ ಎಂದಷ್ಟೇ ಹಾಕಿದಳು. ಆಧಾರವಿಲ್ಲ, ಮೂಲವಿಲ್ಲ. ಆದರೂ ಆರ್ಡರ್ ಬರತೊಡಗಿದವು. ರೊಟ್ಟಿ ಬಡಿಯಲು ಓಣಿಯ ಇಬ್ಬರು ಹೆಂಗಸರು ನಮ್ಮ ಹಿತ್ತಲಿಗೆ ಬರತೊಡಗಿದರು. ಬೆಳಗಿನ ಆ ಟಪಟಪ ಸದ್ದಿನಲ್ಲಿ ನಾನು ಫೋನಿನಲ್ಲಿ ಸುದ್ದಿ ಹೇಳುತ್ತಿದ್ದರೆ ಆ ಕಡೆಯ ಸಂಪಾದಕರು, ಯಾರಾದರೂ ಭಾಷಣ ಮಾಡುತ್ತಿದ್ದಾರಾ, ಚಪ್ಪಾಳೆ ಕೇಳಿಸುತ್ತಿದೆಯಲ್ಲ ಎನ್ನುತ್ತಿದ್ದರು.

ಒಂದು ದಿನ ಮಳಿಗೆಗೆ ಒಂದೇ ಒಂದು ನಕ್ಷತ್ರ ಬಿತ್ತು. ಕೊಟ್ಟವರು ಮಂಡ್ಯದ ಪದ್ಮಾ ಎಂಬವರು. ‘ಕೇಳಿದ ರೊಟ್ಟಿ ಬಂತು. ಕೇಳದೇ ಇರುವ ಇನ್ನೊಂದು ಪೊಟ್ಟಣವೂ ಬಂತು. ಒಳಗೆ ಕಪ್ಪಗಿನ ಪುಡಿ. ಯಾರದೋ ಸಾಮಾನು ನನಗೆ ಕಳಿಸಿದ್ದಾರೆ. ಹೀಗಾದರೆ ನಂಬುವುದು ಹೇಗೆ?’ ಹಿಂದೆಯೇ ಆ ಮಾರುಕಟ್ಟೆಯವರ ಎಚ್ಚರಿಕೆಯೂ ಬಂತು: ಆರ್ಡರ್ ಮತ್ತು ಡಬ್ಬದೊಳಗಿನ ಸಾಮಾನು ಹೊಂದುತ್ತಿಲ್ಲ, ಇಂಥ ಇನ್ನೊಂದು ದೂರು ಬಂದರೆ ಮಳಿಗೆ ಮುಚ್ಚಲಾಗುವುದು.

ಆ ಕಪ್ಪು ಪುಡಿ ಅಗಸೆಬೀಜದ್ದು, ನಮ್ಮ ಕಡೆಯ ಅಗಸಿ ಚಟ್ನಿ. ಸುಮಂಗಲಾ ಪ್ರತಿ ಡಬ್ಬದಲ್ಲೂ ಒಂದು ಮುಷ್ಟಿ ಕಟ್ಟಿ ಹಾಕುತ್ತಿದ್ದಳು. ಯಾಕೆ ಎಂದೆ. “ಕೊಸರು” ಎಂದಳು, ಇದೂ ಕೇಳುವ ಮಾತೇ ಎಂಬಂತೆ. ಹಾಕುವುದನ್ನು ನಿಲ್ಲಿಸಿಬಿಡು ಎಂದೆ. “ತೂಗಿದಷ್ಟ ಕೊಟ್ಟು ಕೈ ಝಾಡಿಸಿಕೊಳ್ಳಾಕ ನಾನೇನು ತಕ್ಕಡಿ ಏನ್ರಿ? ನಿಲ್ಲಸೂದಿಲ್ಲ. ನಿಮಗ ಬರಿಯಾಕ ಬರ್ತೈತಿ, ಅವರಿಗೆ ತಿಳಿಯೂ ಹಂಗ ಬರೀರಿ” ಎಂದು ಒಳಗೆ ಹೋದಳು.

ಆ ವಾರ ನನಗೆ ಕೊಸರಿನ ಗುಂಗು ಹಿಡಿಯಿತು. ಕೊಸರು ಸುದ್ದಿಯಾಗಲು ಯೋಗ್ಯವೆಂದು ಅದುವರೆಗೆ ನನಗೆ ಅನ್ನಿಸಿರಲಿಲ್ಲ. ಹಿರೇಕೆರೂರಿನ ಸಂತೆಗೆ ಧಾರಣೆ ಕೇಳಲು ಹೋದವನು ಕಾಯಿಪಲ್ಲೆಯವಳ ಮುಂದೆ ನಿಂತು ನೋಡಿದೆ. ಬದನೆಕಾಯಿ ತೂಗುವಾಗ ಅವಳು ಮುಳ್ಳನ್ನು ಅಕ್ಕಸಾಲಿಗನಂತೆ ದಿಟ್ಟಿಸುತ್ತಾಳೆ. ಚೀಲಕ್ಕೆ ಸುರಿದ ಮೇಲೆ ಹಿಡಿ ಕರಿಬೇವನ್ನು ನೋಡದೆ ಎಸೆಯುತ್ತಾಳೆ. ಸವಣೂರಿನಲ್ಲಿ ವೀಳ್ಯದೆಲೆಯ ಹಸನಸಾಬರು ಎಲೆ ಎಣಿಸಿ ಕೊಟ್ಟು, ಮೇಲೆ ಎರಡು ಎಲೆ ಇಟ್ಟರು. ಯಾಕೆ ಕೊಡುತ್ತೀರಿ ಎಂದೆ. “ಎಣಿಸಿದ್ದು ವ್ಯಾಪಾರದ್ದ್ರಿ. ಮ್ಯಾಲಿಂದು ನಂದು” ಎಂದರು. ಹೆಸರು ಹಾಕಲೇ ಎಂದು ಕೇಳಿದೆ. “ಎಲಿ ಕೊಟ್ಟಿದ್ದಕ್ಕ ಪೇಪರಿನ್ಯಾಗ ಹಾಕ್ತೀರೇನ್ರಿ? ಹೆಂಡತಿ ನೋಡಿದ್ರ ಅದಕ್ಕೂ ಜಗಳ ತಗೀತಾಳ!” ಎಂದು ಗಾಬರಿಯಾದರು. ಮಂಡ್ಯದ ಪದ್ಮಾ ಅವರಿಗೂ ಅವರ ಊರಿನ ಸೊಪ್ಪಿನವಳು ಕೊಸರು ಕೊಡುತ್ತಿರಲೇಬೇಕು. ಕೈಯಿಂದ ಬಂದರೆ ಅದು ಪ್ರೀತಿ, ಅದೇ ಡಬ್ಬದೊಳಗಿಂದ ಬಂದರೆ ಅನುಮಾನ. ಇದು ಹೇಗೆ ಎಂಬುದು ನನಗೆ ಬಗೆಹರಿಯಲಿಲ್ಲ.

ಕೊನೆಗೆ ನನಗೆ ಗೊತ್ತಿದ್ದ ವಿದ್ಯೆಯನ್ನೇ ಬಳಸಿದೆ. ಪತ್ರಿಕೆಯಲ್ಲಿ ಹಾಕುವಂತೆ ಒಂದು ಸ್ಪಷ್ಟನೆ ಬರೆದೆ: ‘ಈ ಡಬ್ಬದಲ್ಲಿರುವ ಚಿಕ್ಕ ಪೊಟ್ಟಣ ತಪ್ಪಿ ಬಂದದ್ದಲ್ಲ. ಅದು ಕೊಸರು. ಅದಕ್ಕೆ ಬೆಲೆಯಿಲ್ಲ. ನಿಮ್ಮ ಸೊಪ್ಪಿನವರು ಕೊಡುವ ಕರಿಬೇವಿನಂತೆ ಸ್ವೀಕರಿಸಬೇಕು.’ ಪದ್ಮಾ ಅವರ ದೂರಿನ ಕೆಳಗೆ ಅದನ್ನೇ ಹಾಕಿದೆ; ಚೀಟಿಗಳಾಗಿ ಮುದ್ರಿಸಿ ಪ್ರತಿ ಡಬ್ಬಕ್ಕೂ ಒಂದೊಂದು ಹಾಕುವ ವ್ಯವಸ್ಥೆ ಮಾಡಿದೆ. ಸುಮಂಗಲಾ ಓದಿ, “ಈ ಸಲ ಯಾರೂ ಸತ್ತಿಲ್ಲ. ಚೊಲೊ ಆಗೈತಿ” ಎಂದಳು. ಪ್ರಚಾರ ವಿಭಾಗಕ್ಕೆ ಸಿಕ್ಕ ಮೊದಲ ಮೆಚ್ಚುಗೆ.

ಕೆಲವು ದಿನಗಳ ನಂತರ ಅವಳು ಹುಲಗೂರಿಗೆ ತಂಗಿಯ ಮನೆಗೆ ಹೋದಳು. ಅದೇ ಹೊತ್ತಿಗೆ ಒಂದು ಆರ್ಡರ್ ಬಂತು. ನೋಡಿದರೆ ಮಂಡ್ಯದ ಪದ್ಮಾ! ಫೋನು ಮಾಡಿದೆ. “ನೀವ ಕಟ್ಟಿ ಕಳಸ್ರಿ. ಎಲ್ಲಾ ಬರೋಬ್ಬರಿ ನೋಡಿ ಹಾಕ್ರಿ ಮತ್ತ” ಎಂದಳು. ಬರೋಬ್ಬರಿ ನೋಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಆರ್ಡರನ್ನು ಮುಂದಿಟ್ಟುಕೊಂಡು ಸುದ್ದಿ ಪರಿಶೀಲಿಸುವಂತೆ ಒಂದೊಂದನ್ನೂ ತಾಳೆ ನೋಡಿದೆ. ಕೇಳಿದ್ದೆಲ್ಲ ಇತ್ತು, ಕೇಳದ್ದು ಒಂದೂ ಇರಲಿಲ್ಲ. ಎಲ್ಲದರ ಮೇಲೆ ನನ್ನ ಸ್ಪಷ್ಟನೆಯ ಚೀಟಿ ಇಟ್ಟು, ಟೇಪು ಸುತ್ತಿ ಕಳಿಸಿದೆ.

ಅವರ ಸಂದೇಶ ಬಂದಾಗ ಸುಮಂಗಲಾ ಊರಿಂದ ಮರಳಿದ್ದಳು. ಅವಳೇ ಗಟ್ಟಿಯಾಗಿ ಓದಿದಳು: ‘ಚಿಕ್ಕ ಪೊಟ್ಟಣ ತಪ್ಪಿ ಬಂದದ್ದಲ್ಲ ಎಂದು ಚೀಟಿ ಹೇಳುತ್ತದೆ. ಪೊಟ್ಟಣವೇ ಇಲ್ಲ! ಹೋದ ಸಲ ಒಂದು ನಕ್ಷತ್ರ ಕೊಟ್ಟೆನೆಂದು ಸಿಟ್ಟೇ? ನಿಮ್ಮ ಉತ್ತರ ಓದಿ ಅದಕ್ಕೆಂದೇ ಮತ್ತೆ ತರಿಸಿದ್ದೆ. ದೂರು ಕೊಡಲೋ ಬೇಡವೋ ಎಂದು ಯೋಚಿಸುತ್ತಿದ್ದೇನೆ.’

“ಕೊಸರು ಎಲ್ಲೈತ್ರಿ?”

“ಆರ್ಡರಿನಲ್ಲಿ ಇರಲಿಲ್ಲ” ಎಂದೆ.

“ಆರ್ಡರಿನ್ಯಾಗ ಇದ್ರ ಅದು ಕೊಸರು ಹೆಂಗ ಆಗ್ತೈತ್ರಿ?”

ಇಷ್ಟು ವರ್ಷ ಬೇರೆಯವರ ತಪ್ಪಿಗೆಲ್ಲ ವಿಷಾದ ಬರೆದುಕೊಟ್ಟವನು ಅಂದು ಮೊದಲ ಬಾರಿಗೆ ನನ್ನ ತಪ್ಪಿಗೆ ಪದ್ಮಾ ಅವರಿಗೆ ಬರೆದೆ. ಸುಮಂಗಲಾ ಅಗಸಿ ಚಟ್ನಿಯನ್ನಷ್ಟೇ ಕಟ್ಟಿ ಅಂಚೆಗೆ ಹಾಕಿ ಬಂದಳು. ದೂರು ಬಂದರೆ ಮಳಿಗೆ ಹೋಗುತ್ತದೆ. ಹಿತ್ತಲಿನ ಟಪಟಪವೂ ನಿಲ್ಲುತ್ತದೆ. ರೊಟ್ಟಿ ಬಡಿಯುವ ಹೆಂಗಸರು ನನ್ನನ್ನು ನೋಡುತ್ತಿದ್ದ ರೀತಿಗೆ ಯಾರ ಹೇಳಿಕೆಯೂ ಬೇಕಿರಲಿಲ್ಲ.

ಆ ದಿನ ಮಧ್ಯಾಹ್ನ ಊಟಕ್ಕೆ ಕುಳಿತೆ. ಎಷ್ಟು ರೊಟ್ಟಿ ಎಂದು ಕೇಳಿದಳು. ನಮ್ಮ ಮನೆಯಲ್ಲಿ ಹೀಗೆ ಯಾರೂ ಕೇಳುವುದಿಲ್ಲ. ಎರಡು ಎಂದೆ. ಎರಡು ಬಂದವು. ನಮ್ಮ ಕಡೆ ಎರಡು ಅಂದರೆ ಮೂರು. ಮೂರನೆಯದನ್ನು ಬೇಡಬೇಡ ಅನ್ನುತ್ತಲೇ ಹಾಕಿಸಿಕೊಳ್ಳುವುದು ರೂಢಿ. ಬೇಡ ಎನ್ನಲು ಕೈ ಅಡ್ಡ ಹಿಡಿದು ಕಾದೆ. ಯಾರೂ ಬರಲಿಲ್ಲ. “ಬರೋಬ್ಬರಿ ಐತಲ್ರಿ?” ಎಂದು ಒಳಗಿನಿಂದ ಧ್ವನಿ ಬಂತು. ಬರೋಬ್ಬರಿ ಇತ್ತು. ಹೊಟ್ಟೆಯೂ ತುಂಬಿತ್ತು. ಆದರೂ ಖಾನಾವಳಿಯಲ್ಲಿ ಉಂಡೆದ್ದವನಂತೆ ಕೈ ತೊಳೆದೆ. ಮರುದಿನವೂ ಹಾಗೇ ಆಯಿತು, ಆಮೇಲೆಯೂ.

ಕೊನೆಗೆ ಒಂದು ಬೆಳಿಗ್ಗೆ ಆ ಒಂಟಿ ನಕ್ಷತ್ರ ನಾಲ್ಕಾಗಿತ್ತು. ‘ಪೊಟ್ಟಣ ಬಂತು. ರೊಟ್ಟಿಗಿಂತ ಅದೇ ರುಚಿ. ರೊಟ್ಟಿ ಸ್ವಲ್ಪ ಮುರಿದಿತ್ತು’ ಎಂದಿದ್ದರು ಪದ್ಮಾ. ಮುರಿಯುವ ಸಾಧ್ಯತೆಯ ಬಗ್ಗೆ ನಾನು ಮೊದಲೇ ಬರೆದಿದ್ದೆ ಎಂಬುದನ್ನು ಯಾರಿಗೂ ನೆನಪಿಸಲಿಲ್ಲ. ಆ ಮಧ್ಯಾಹ್ನ ಎರಡು ರೊಟ್ಟಿ ಮುಗಿಸಿ ಏಳಬೇಕು, ತಾಟಿಗೆ ಮೂರನೆಯದು ಬಿತ್ತು. ತಲೆಯೆತ್ತಿ ನೋಡುವಷ್ಟರಲ್ಲಿ ಹಾಕಿದವಳು ಒಳಗೆ ಹೋಗಿಯಾಗಿತ್ತು. ತಪ್ಪಿ ಬಂದದ್ದೋ, ಬೇಕೆಂದೇ ಬಂದದ್ದೋ ಎಂದು ಸ್ಪಷ್ಟನೆ ಕೇಳದೆ, ಯಾವ ಮೂಲದಿಂದಲೂ ಖಚಿತಪಡಿಸಿಕೊಳ್ಳದೆ, ತಿಂದೆ. ಚೆನ್ನಾಗಿತ್ತು.