ಎಲೆಯ ಬಾಯಿಗೆ ಒಲೆ ಬೂದಿ

ನನ್ನ ಮಲ್ಲಿಗೆ ಗಿಡಗಳನ್ನು ಬಿಸಿಲು ಸುಡಲಿಲ್ಲ, ಹುಳ ತಿನ್ನಲಿಲ್ಲ. ನಾನೇ ಸುಟ್ಟೆ. ಯಾವುದೋ ರೋಗ ಬಂತು ಎಂದು ಯಜಮಾನರು ಊರಿಗೆಲ್ಲ ಹೇಳಿದ್ದು ಮನೆಯ ಮಾನ ಉಳಿಸಲು.

ತಂಗಿಯ ಮಗಳ ಮದುವೆಗೆ ಹೂವೆಲ್ಲ ನನ್ನ ತೋಟದ್ದೇ ಎಂದು ಬೀಗರ ಮುಂದೆ ಮಾತು ಕೊಟ್ಟಿದ್ದೆ. ಮಲ್ಲಿಗೆಗೇ ಹೆಸರಾದ ಹೂವಿನಹಡಗಲಿಯವಳು ಇನ್ನೇನು ಕೊಟ್ಟಾಳು? ಆದರೆ ಮದುವೆ ಹತ್ತಿರ ಬಂದರೂ ಮೊಗ್ಗು ಜೋಳದ ಕಾಳಿಗಿಂತ ದಪ್ಪವಾಗಲಿಲ್ಲ.

ಆಗ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದ ಮೊಮ್ಮಗಳು ಶೈಲಾ ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಪಾಠ ಓದುತ್ತಿದ್ದಳು. ಎಲೆಯ ಕೆಳಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳಿವೆಯಂತೆ. ಪ್ರತಿ ಬಾಯಿಗೂ ಎರಡು ತುಟಿ. ತುಟಿಯಲ್ಲಿ ಪೊಟ್ಯಾಷ್ ಓಡಾಡಲೆಂದೇ ಸಣ್ಣ ಬಾಗಿಲು. ಪೊಟ್ಯಾಷ್ ಒಳಗೆ ಹೋದರೆ ಅದರ ಬೆನ್ನಿಗೇ ನೀರು ನುಗ್ಗಿ ತುಟಿ ಉಬ್ಬುತ್ತದೆ, ಬಾಯಿ ತೆರೆಯುತ್ತದೆ. ಅದು ಹೊರಬಿದ್ದರೆ ಬಾಯಿ ಮುಚ್ಚುತ್ತದೆ.

ನನಗೆ ಎಲ್ಲ ತಿಳಿದುಹೋಯಿತು. ನನ್ನ ಗಿಡಗಳು ಬಾಯಿ ಮುಚ್ಚಿಕೊಂಡು ಕೂತಿವೆ! ಪೊಟ್ಯಾಷ್ ಎಲ್ಲಿ ಸಿಗುತ್ತದೆ ಎಂದು ಕೇಳಿದೆ. ಒಲೆ ಬೂದಿಯಲ್ಲೂ ಇದೆ, ಬುಡಕ್ಕೆ ಸ್ವಲ್ಪ ಹಾಕು ಎಂದಳು. ಬುಡಕ್ಕೇಕೆ? ಇಷ್ಟು ಮಕ್ಕಳನ್ನು ಸಾಕಿದ್ದೇನೆ, ಒಂದಕ್ಕೂ ಕಾಲಿಗೆ ತುತ್ತು ಇಟ್ಟಿಲ್ಲ.

ಮಟಮಟ ಮಧ್ಯಾಹ್ನ ಮೊರದ ತುಂಬ ಬೂದಿ ಒಯ್ದು, ಗಿಡದ ಕೆಳಗೆ ಅಂಗಾತ ಮಲಗಿ ಮೇಲಕ್ಕೆ ಎರಚಿದೆ. ಎಲೆಗೆ ಹತ್ತಿದ್ದು ಅಷ್ಟಕ್ಕಷ್ಟೆ. ನನ್ನ ಕಣ್ಣು, ಮೂಗು, ಬಾಯಿ ಪೂರ್ತಿ ತುಂಬಿದವು. ಹೊರಗೆ ಚಾಚಿದ್ದ ನನ್ನ ಕಾಲು ಕಂಡು ಯಜಮಾನರು ಓಡಿ ಬಂದರು.

"ಬಿದ್ದಿಯೇನ ಲೇ?"

"ಬಿದ್ದಿಲ್ರಿ. ಗಿಡಕ್ಕ ಉಣಸಾಕತ್ತೀನಿ."

ಅವರು ಶೈಲಾಳನ್ನು ಕಾಲೇಜಿನಿಂದ ಕರೆತರಲು ಹೋದರು. ಅವರು ಬರುವುದರೊಳಗೆ ನಾನು ಬೂದಿಯನ್ನು ನೀರಲ್ಲಿ ಅಂಬಲಿಯಂತೆ ಕಲಸಿ, ಗೋಡೆಗೆ ಸುಣ್ಣ ಬಳಿಯುವ ಕುಂಚದಿಂದ ಎಲೆಎಲೆಗೂ ಬಳಿದು ಮುಗಿಸಿದ್ದೆ.

"ಅಜ್ಜೀ, ಬಾಯಿ ತೆಗಸಾಕ ಹೋಗಿ ಬಾಯಾಗ ಗಾರಿ ಮೆತ್ತೀಯಲ್ಲ! ಅದು ಬೇರಿಂದ ಏರಬೇಕು" ಎಂದು ಶೈಲಾ ತಲೆ ಮೇಲೆ ಕೈಹೊತ್ತಳು. ಗಾಬರಿಯಿಂದ ತೊಳೆದೆವು. ಆದರೆ ಮದುವೆ ನಾಳಿದ್ದು ಎನ್ನುವಾಗ ಎಲೆಗಳು ಕರಿದ ಹಪ್ಪಳವಾಗಿದ್ದವು. ಮೊಗ್ಗೆಲ್ಲ ನೆಲದ ಮೇಲಿತ್ತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹತ್ತಿರದ ಊರು ಹಿರೇಹಡಗಲಿಗೆ ಹೋದೆ. ನಮ್ಮೂರ ಪೇಟೆಯಲ್ಲಿ ನಾನು ಹೂ ಕೊಂಡರೆ ಮುಖ ಎಲ್ಲಿಡಲಿ? ಸೆರಗನ್ನು ಮೂಗಿನವರೆಗೆ ಎಳೆದುಕೊಂಡು, ಮೊಗ್ಗು ಚೆನ್ನಾಗಿವೆಯೇ ಎಂದು ಹೂ ಮಾರುವವಳನ್ನು ಕೇಳಿದೆ.

"ಅನುಮಾನ ಬ್ಯಾಡ ಯವ್ವಾ, ಹೂವಿನಹಡಗಲಿವು. ಮಲ್ಲಿಗಿ ಸಾಕೋದು ಆ ಊರ ಹೆಣ್ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ" ಎಂದಳು.

ಹೌದವ್ವ ಎಂದು ಬುಟ್ಟಿ ಒಡ್ಡಿದೆ.