ಸಂಚಾರಿ ವಾಹನದ ಮೋಡೆಮ್ಮನ್ನು ಪದೇ ಪದೇ ಎಬ್ಬಿಸದಿರುವ ಕುರಿತು

ಸಂಚಾರಿ ಚಿಕಿತ್ಸಾ ಘಟಕ, ಸಂಪರ್ಕ ಶಾಖೆ
ಸಂಖ್ಯೆ: ಸಂಶಾ/ಮೋಡೆಮ್/ನಿದ್ರಾಭಂಗ/7

ಸುತ್ತೋಲೆ

ಉಲ್ಲೇಖ: 1. ಶುಶ್ರೂಷಕಿಯವರ ಮೌಖಿಕ ಹೇಳಿಕೆ. 2. ಚಾಲಕರ ನಿಟ್ಟುಸಿರು.

ಕಳೆದ ತಿಂಗಳ ಎರಡನೆಯ ಮಂಗಳವಾರ ಬೆಳಿಗ್ಗೆ, ಘಟಕದ ವಾಹನವು ಕಲ್ಲುಗಣಿಯ ಪಕ್ಕ ನಿಂತಿದ್ದಾಗ, ಎದೆನೋವೆಂದು ಬಂದ ಬಡಗಿಯೊಬ್ಬರ ಇಸಿಜಿ ತೆಗೆಯಲಾಯಿತು. ಹತ್ತಿರದ ಆಸ್ಪತ್ರೆಗೆ ಕಾಲು ಗಂಟೆಯ ದಾರಿ. ಹೃದಯದ ಚಿಕಿತ್ಸೆ ಇರುವುದು ಮುಕ್ಕಾಲು ಗಂಟೆ ದೂರದ್ದರಲ್ಲಿ. ಎಲ್ಲಿಗೆ ಒಯ್ಯಬೇಕೆಂದು ತಜ್ಞವೈದ್ಯರು ಇಸಿಜಿ ನೋಡಿ ಹೇಳಬೇಕಿತ್ತು. ಅಲ್ಲಿ ಯಾರ ಫೋನಿಗೂ ಸಿಗ್ನಲ್ ಇಲ್ಲ. ಚಾವಣಿಯ ಆಂಟೆನಾಕ್ಕೆ ಜೋಡಿಸಿದ, ಅಂಗೈಯಗಲದ ಲಿನಕ್ಸ್ ರೌಟರೇ ಗತಿ. ಅದರ ಸಿಮ್ ಮೋಡೆಮ್ ಕಣ್ಣು ಮುಚ್ಚಿತ್ತು. ಈ ಹಿನ್ನೆಲೆಯಲ್ಲಿ ಕೆಳಕಂಡ ಅಂಶಗಳನ್ನು ಎಲ್ಲರ ಗಮನಕ್ಕೆ ತರಲಾಗಿದೆ:

1. ಶಾಖೆಯ ಮೇಲ್ವಿಚಾರಕರು (ಈ ಸುತ್ತೋಲೆಗೆ ಸಹಿ ಮಾಡಿರುವವರೇ) ಸ್ಥಳದಲ್ಲಿದ್ದರು. ಇದನ್ನು ಅದೃಷ್ಟವೆಂದು ಭಾವಿಸಲಾಗಿತ್ತು. ಸದರಿ ಭಾವನೆಯನ್ನು ಹಿಂಪಡೆಯಲಾಗಿದೆ.

2. ಮೇಲ್ವಿಚಾರಕರು ಸಿಮ್ ತೆಗೆದು, ಅಂಗಿಯ ಚುಂಗಿನಿಂದ ಒರೆಸಿ, ಮತ್ತೆ ಹಾಕಿದರು. ರೌಟರನ್ನು ಮೂರು ಸಲ ಆರಿಸಿ ಹಚ್ಚಿದರು. ರೌಟರಿನ ದಾಖಲೆ (ಲಾಗ್) ಒಮ್ಮೆ ‘ಮೋಡೆಮ್ ಕಾಣುತ್ತಿಲ್ಲ’ ಎಂದಿತು, ಇನ್ನೊಮ್ಮೆ ‘ಕಂಡಿತು’ ಎಂದಿತು. ಇದರಿಂದ ಮೋಡೆಮ್ ಸತ್ತಿದೆಯೆಂಬ ತೀರ್ಮಾನಕ್ಕೆ ಬರಲಾಯಿತು. ಇನ್ನು ಮುಂದೆ ಸಿಮ್ ಒರೆಸುವ ಅಂಗಿಯು ಒಗೆದದ್ದಾಗಿರತಕ್ಕದ್ದು.

3. ಈ ನಡುವೆ ಬಡಗಿಯವರ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಅವರ ಹೆಂಡತಿ ಮತ್ತೆ ಮತ್ತೆ ಮುಖ ನೋಡಿದಾಗಲೆಲ್ಲ ಮೇಲ್ವಿಚಾರಕರು ‘ಎರಡೇ ನಿಮಿಷ’ ಎಂದರು. ಹೀಗೆ ಐದು ಸಲ. ಇನ್ನು ಮುಂದೆ ‘ಎರಡೇ ನಿಮಿಷ’ ಎಂದರೆ ನೂರಿಪ್ಪತ್ತು ಸೆಕೆಂಡು ಎಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ.

4. ಆಗ ಬಡಗಿಯವರ ನಾಡಿ ಹಿಡಿದೇ ಕೂತಿದ್ದ ಶುಶ್ರೂಷಕಿಯವರು ಹೀಗೆಂದರು: “ಸಾರ್, ಮೋಡೆಮ್ಮಿನ ಆ ಹಸಿರು ದೀಪ ಹತ್ತುತ್ತೆ, ಅರ್ಧ ನಿಮಿಷಕ್ಕೆ ಆರಿಹೋಗುತ್ತೆ. ಆಗ್ಲಿಂದ ಎಣಿಸ್ತಾ ಇದೀನಿ. ಪಾಪ, ಯಾರೋ ಅದನ್ನ ಏಳೋಕೇ ಬಿಡ್ತಿಲ್ಲ.”

5. ಆ ‘ಯಾರೋ’ ಮೇಲ್ವಿಚಾರಕರೇ ಎಂದು ಸ್ಥಳದಲ್ಲೇ ಸಾಬೀತಾಯಿತು. ಇಂಟರ್ನೆಟ್ ಇಲ್ಲದಿದ್ದರೆ ಮೂವತ್ತು ಸೆಕೆಂಡಿಗೊಮ್ಮೆ ಮೋಡೆಮ್ಮನ್ನು ತಾನಾಗಿ ಆರಿಸಿ ಹಚ್ಚುವ ಆರು ಸಾಲಿನ ಸ್ಕ್ರಿಪ್ಟನ್ನು ಕಳೆದ ವರ್ಷ ಅವರೇ ಬರೆದಿದ್ದರು. ಪೇಟೆಯಲ್ಲಿ ಮೋಡೆಮ್ ಇಪ್ಪತ್ತು ಸೆಕೆಂಡಿಗೇ ಎದ್ದು ಕೂರುತ್ತದೆ. ಗಣಿಯ ಬಳಿಯ ತೆಳು ಸಿಗ್ನಲ್ಲಿಗೆ ಅದಕ್ಕೆ ತೊಂಬತ್ತು ಸೆಕೆಂಡು ಬೇಕು. ಅರ್ಥಾತ್, ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಬೇಲಿ ಕಟ್ಟಿದ್ದಕ್ಕೆ ಅವರಿಗೆ ದೊರೆತಿದ್ದ ಪ್ರಶಂಸಾ ಪತ್ರವನ್ನು ಗೋಡೆಗೆ ಮುಖ ಮಾಡಿ ತೂಗುಹಾಕಲಾಗಿದೆ.

6. ಸ್ಕ್ರಿಪ್ಟ್ ನಿಲ್ಲಿಸಲಾಯಿತು. ತೊಂಬತ್ತು ಸೆಕೆಂಡು ಎಲ್ಲರೂ ಆ ದೀಪವನ್ನೇ ನೋಡುತ್ತ ಕೂತರು. ಇಷ್ಟು ವರ್ಷದ ನೌಕರಿಯಲ್ಲಿ ಸುಮ್ಮನೆ ಕೂರುವುದರಷ್ಟು ಕಷ್ಟದ ಕೆಲಸವನ್ನು ತಾವು ಮಾಡಿಲ್ಲವೆಂದು ಮೇಲ್ವಿಚಾರಕರಿಗೆ ಅನಿಸಿತು. ದೀಪ ಹತ್ತಿತು, ಆರಲಿಲ್ಲ. ಇಸಿಜಿ ಹೋಯಿತು. “ದೂರದ್ದಕ್ಕೇ ಕರ್ಕೊಂಡು ಬನ್ನಿ, ಈಗ್ಲೇ” ಎಂದರು ತಜ್ಞರು. ಚಾಲಕರು ಆಗಲೇ ಗಾಡಿ ತಿರುಗಿಸಿದ್ದರು.

7. ಆದ್ದರಿಂದ ಈ ಕೆಳಗಿನಂತೆ ಆದೇಶಿಸಲಾಗಿದೆ:
(ಅ) ಮೋಡೆಮ್ ಹಚ್ಚಿದ ಮೇಲೆ ಮೂರು ನಿಮಿಷ ಎಲ್ಲರ ಕೈಗಳೂ ಜೇಬಿನಲ್ಲಿರತಕ್ಕದ್ದು. ಜೇಬಿಲ್ಲದವರು ಕೈಕಟ್ಟಿ ನಿಲ್ಲುವುದು.
(ಆ) ಆಗಲೂ ಏಳದಿದ್ದರೆ ಮೋಡೆಮ್ಮಿನ ವಿದ್ಯುತ್ತನ್ನೇ ಕಡಿದು ಅರವತ್ತರವರೆಗೆ ಎಣಿಸುವುದು. ಅವಸರದ ಎಣಿಕೆಯನ್ನು ಎಣಿಕೆಯೆಂದು ಪರಿಗಣಿಸಲಾಗುವುದಿಲ್ಲ.
(ಇ) ಮೇಲ್ವಿಚಾರಕರು “ಒಂದು ಸಣ್ಣ ಬದಲಾವಣೆ ಅಷ್ಟೇ” ಎಂದ ಕೂಡಲೇ ಚಾಲಕರು ಅವರನ್ನು ಗೌರವಪೂರ್ವಕವಾಗಿ ಕೆಳಗಿಳಿಸಿ ಸುತ್ತಲಿನ ದೃಶ್ಯ ತೋರಿಸತಕ್ಕದ್ದು.

(ಸಹಿ)
ಮೇಲ್ವಿಚಾರಕರು, ಸಂಪರ್ಕ ಶಾಖೆ

ಪ್ರತಿಗಳು:
1. ಶುಶ್ರೂಷಕಿಯವರಿಗೆ, ಕ್ಷಮಾಪಣೆಯೊಂದಿಗೆ.
2. ಚಾಲಕರಿಗೆ, (ಇ) ಜಾರಿಗಾಗಿ. ಈಗಾಗಲೇ ಎರಡು ಸಲ ಜಾರಿಯಾಗಿದೆ.
3. ಸಂಚಾರಿ ವಾಹನಕ್ಕೆ, ಸಿಗ್ನಲ್ ಇಲ್ಲದ ಕಾರಣ ಸೈಕಲ್ ಮೂಲಕ.
4. ಬಡಗಿ ಯಜಮಾನರಿಗೆ, ಮನೆ ವಿಳಾಸಕ್ಕೆ: ತಾವು ಚೇತರಿಸಿಕೊಂಡ ಮೇಲೆ ರೌಟರಿಗೆಂದು ಮಾಡಿಕೊಟ್ಟ ಮರದ ಪೆಟ್ಟಿಗೆ ತಲುಪಿದೆ. ತಮ್ಮ ಕೋರಿಕೆಯಂತೆ ಅದರ ಬೀಗದಕೈಯನ್ನು ಶುಶ್ರೂಷಕಿಯವರ ಕೈಗೇ ಒಪ್ಪಿಸಲಾಗಿದೆ.